ಸ್ಥೌಲ್ಯ, ಪಥ್ಯ ಮತ್ತು ವೈದ್ಯಶಿಕ್ಷಣ: ಕಲಬುರಗಿ ಸೀಮೆಯನ್ನು ಕುರಿತು ಒಂದು ಐತಿಹಾಸಿಕ ವಿವೇಚನೆ

ವೈದ್ಯದ ಇತಿಹಾಸವೆಂದರೆ ಬಹುಮಟ್ಟಿಗೆ ರೋಗಗಳ, ಔಷಧಗಳ ಹಾಗೂ ಶಸ್ತ್ರಕ್ರಿಯೆಗಳ ಇತಿಹಾಸವೆಂದೇ ನಾವು ತಿಳಿದು ಬಂದಿದ್ದೇವೆ. ವೈದ್ಯನು ರೋಗಿಯ ಎದುರಿಗೆ ಕುಳಿತು ಆಡುವ ಮಾತಿಗೂ ಒಂದು ಇತಿಹಾಸವುಂಟು, ಆ ಮಾತನ್ನು ಶಿಷ್ಯನಿಗೆ ಕಲಿಸುವ ಕ್ರಮಕ್ಕೂ ಒಂದು ಇತಿಹಾಸವುಂಟು ಎಂಬುದು ನಮ್ಮ ಗಮನಕ್ಕೆ ಬರುವುದು ಅಪೂರ್ವ. ಪ್ರಕೃತ ಲೇಖನದಲ್ಲಿ ಈ ಎರಡನೆಯ ಇತಿಹಾಸದ ಒಂದು ಸಣ್ಣ ಭಾಗವನ್ನು ಮಾತ್ರ ಎತ್ತಿಕೊಂಡಿದ್ದೇವೆ. ಮೈಯಲ್ಲಿ ಬೊಜ್ಜು ಬೆಳೆದವನಿಗೆ ಅವನ ಊಟ, ನಿದ್ರೆ, ದುಡಿಮೆಗಳ ವಿಷಯವಾಗಿ ಹಿತವನ್ನು ಹೇಳುವ ವಿದ್ಯೆಯನ್ನು ಸಾಮಾನ್ಯ ವೈದ್ಯನಿಗೆ ಎಂದಾದರೂ ಕಲಿಸಲಾಗಿದ್ದಿತೇ, ಕಲಿಸಿದ್ದರೆ ಹೇಗೆ, ಬಿಟ್ಟಿದ್ದರೆ ಏತಕ್ಕೆ ಎಂಬುದೇ ಇಲ್ಲಿಯ ಪ್ರಶ್ನೆ.

ಈ ಪ್ರಶ್ನೆಯನ್ನು ಗಾಳಿಯಲ್ಲಿ ನಿಲ್ಲಿಸಿ ಚರ್ಚಿಸುವುದರಿಂದ ಫಲವಿಲ್ಲವಾದುದರಿಂದ ನೆಲದ ಮೇಲಿನ ಒಂದು ಎಡೆಯನ್ನು ಆರಿಸಿಕೊಂಡಿದ್ದೇವೆ. ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲೂಕಿನ ನೆಲೋಗಿ ದೊಡ್ಡ ಊರೇನೂ ಅಲ್ಲ. ೨೦೦೪ರಿಂದ ೨೦೦೬ರವರೆಗೆ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಎನ್. ಧರ್ಮಸಿಂಗ್ ಅವರ ಹುಟ್ಟೂರೆಂದು ಹೊರಗಿನವರು ಅದರ ಹೆಸರನ್ನು ಕೇಳಿರಬಹುದು. ಜೋಳ, ತೊಗರಿ ಬೆಳೆಯುವ ಕಪ್ಪು ಮಣ್ಣಿನ ಈ ಸೀಮೆ ೧೯೪೮ರವರೆಗೆ ನಿಜಾಮನ ಆಳಿಕೆಗೂ, ೧೯೫೬ರ ನವೆಂಬರ್ ೧ರವರೆಗೆ ಹೈದರಾಬಾದ್ ರಾಜ್ಯಕ್ಕೂ ಸೇರಿದ್ದಿತು. ಬರದ ನೆನಪು ಇನ್ನೂ ಮಾಸದಿರುವ ಇಂಥ ಊರಿನಲ್ಲಿ ‘ತೂಕ ಇಳಿಸಿರಿ’ ಎಂದು ಹೇಳಬೇಕಾಗಿ ಬಂದ ಎಳೆಯ ವೈದ್ಯನ ಸ್ಥಿತಿಯನ್ನು ಕಣ್ಣ ಮುಂದೆ ಇಟ್ಟುಕೊಂಡರೆ ನಮ್ಮ ಪ್ರಶ್ನೆಯ ತೊಡಕು ತಾನಾಗಿ ತಿಳಿದುಬರುತ್ತದೆ.

ಮೊದಲು ಪ್ರಾಚೀನರ ಕಡೆಗೆ ತಿರುಗೋಣ. ಚರಕ ಸಂಹಿತೆಯ ಸೂತ್ರಸ್ಥಾನದ ೨೧ನೆಯ ಅಧ್ಯಾಯಕ್ಕೆ ‘ಅಷ್ಟೌನಿಂದಿತೀಯ’ವೆಂದು ಹೆಸರು. ದೇಹದ ರೂಪದಿಂದ ಲೋಕನಿಂದೆಗೆ ಗುರಿಯಾಗುವ ಎಂಟು ಬಗೆಯವರನ್ನು ಅಲ್ಲಿ ಹೇಳಿದೆ: ಅತಿ ಎತ್ತರದವನು, ಅತಿ ಕುಳ್ಳನು, ಮೈಯೆಲ್ಲ ರೋಮವುಳ್ಳವನು, ರೋಮವೇ ಇಲ್ಲದವನು, ಅತಿ ಕಪ್ಪಗಿರುವವನು, ಅತಿ ಬೆಳ್ಳಗಿರುವವನು, ಅತಿಸ್ಥೂಲನು, ಅತಿಕೃಶನು. ಇವರಲ್ಲಿ ಕೊನೆಯ ಇಬ್ಬರನ್ನು ಮಾತ್ರ ಆಚಾರ್ಯನು ಚಿಕಿತ್ಸೆಗಾಗಿ ಎತ್ತಿಕೊಳ್ಳುತ್ತಾನೆ. ಉಳಿದ ಆರು ಮಂದಿಯನ್ನು ಅಲ್ಲಿಗೇ ಬಿಡುತ್ತಾನೆ. ಲೋಕವು ನಿಂದಿಸುವುದು ಬೇರೆ, ವೈದ್ಯನು ಚಿಕಿತ್ಸೆ ಮಾಡಬೇಕಾದುದು ಬೇರೆ ಎಂಬ ವಿವೇಕವು ಈ ಆಯ್ಕೆಯಲ್ಲಿಯೇ ಅಡಗಿರುವಂತೆ ನಮಗೆ ತೋರುತ್ತದೆ. ಸ್ಥೂಲನಿಗೆ ಎಂಟು ದೋಷಗಳನ್ನು ಹೇಳಿದೆ. ಆಯುಸ್ಸು ಕುಗ್ಗುವುದು, ಚಲನೆ ಮಂದವಾಗುವುದು, ದೌರ್ಬಲ್ಯ, ಅತಿಯಾದ ಬೆವರು, ಅತಿಯಾದ ಹಸಿವು, ಅತಿಯಾದ ಬಾಯಾರಿಕೆ ಮೊದಲಾದವು ಇವುಗಳಲ್ಲಿ ಸೇರಿವೆ. ಕಾರಣಗಳನ್ನು ಹೇಳುವಾಗ ಅತಿಭೋಜನ, ಜಿಡ್ಡು ಮತ್ತು ಸಿಹಿ ಪದಾರ್ಥಗಳು, ವ್ಯಾಯಾಮವಿಲ್ಲದಿರುವುದು, ಹಗಲು ನಿದ್ರೆ, ಚಿಂತೆಯಿಲ್ಲದ ಬಾಳು ಇಷ್ಟನ್ನೇ ಹೇಳದೆ ಬೀಜಸ್ವಭಾವವನ್ನೂ, ಎಂದರೆ ತಂದೆತಾಯಿಗಳಿಂದ ಬಂದ ಪ್ರಕೃತಿಯನ್ನೂ ಹೇಳಿದೆ.

ಇದಕ್ಕಿಂತ ಮುಖ್ಯವಾದುದು ಅತಿಯಾದ ಹಸಿವಿನ ವಿವರಣೆ. ಮೇದಸ್ಸು ಸ್ರೋತಸ್ಸುಗಳನ್ನು ಮುಚ್ಚಿದುದರಿಂದ ವಾಯುವು ಕೋಷ್ಠದಲ್ಲಿಯೇ ಸಂಚರಿಸಿ ಅಗ್ನಿಯನ್ನು ಕೆರಳಿಸುತ್ತದೆ. ಉಂಡುದು ಬೇಗನೆ ಜೀರ್ಣವಾಗಿ ಮತ್ತೆ ಅನ್ನವನ್ನು ಬೇಡುತ್ತದೆ. ಕಾಡುಗಿಚ್ಚು ಕಾಡನ್ನು ಸುಡುವಂತೆ ಇವೆರಡೂ ಸ್ಥೂಲನನ್ನು ಸುಡುತ್ತವೆ ಎಂಬುದು ಅಲ್ಲಿಯ ಅಭಿಪ್ರಾಯ. ಈ ಶರೀರಕ್ರಿಯೆಯ ವರ್ಣನೆಯನ್ನು ಇಂದಿನ ವಿಜ್ಞಾನವು ಹೀಗೆಯೇ ಒಪ್ಪುವುದಿಲ್ಲವೆಂಬುದು ಸ್ಪಷ್ಟ. ಆದರೆ ಅದರಿಂದ ಹೊರಡುವ ನಿಲುವನ್ನು ಗಮನಿಸಬೇಕು. ಸ್ಥೂಲನು ಹೊಟ್ಟೆಬಾಕನಾದುದರಿಂದ ಮಾತ್ರ ಸ್ಥೂಲನಾದನೆಂದಲ್ಲ, ಸ್ಥೂಲನಾದುದರಿಂದಲೂ ಅವನಿಗೆ ಹಸಿವು ಹೆಚ್ಚು ಎಂದು ಇಲ್ಲಿ ಹೇಳಿದಂತಾಯಿತು. ಆದುದರಿಂದಲೇ ಸ್ಥೌಲ್ಯ ಕಾರ್ಶ್ಯಗಳಲ್ಲಿ ಕಾರ್ಶ್ಯವೇ ಮೇಲೆಂದು ತೀರ್ಮಾನಿಸಿದೆ. ಸ್ಥೂಲನಿಗೆ ಪುಷ್ಟಿಯ ಆಹಾರ ಕೊಟ್ಟರೆ ಬೊಜ್ಜು ಬೆಳೆಯುವುದು, ಉಪವಾಸ ಹಾಕಿದರೆ ಅವನ ಹಸಿವು ಅದನ್ನು ತಾಳಲಾರದು. ಪರಿಹಾರವೆಂದರೆ ಹೊಟ್ಟೆಗೆ ಭಾರವಾಗಿಯೂ ಮೈಗೆ ಪೋಷಕವಲ್ಲದೆಯೂ ಇರುವ ಆಹಾರವನ್ನು ಕೊಟ್ಟು, ವ್ಯಾಯಾಮವನ್ನೂ ಎಚ್ಚರವನ್ನೂ ಕ್ರಮಕ್ರಮವಾಗಿ ಹೆಚ್ಚಿಸುವುದು. ರೋಗಿಯನ್ನು ಹಳಿಯದೆ, ಅವನ ಕಷ್ಟವನ್ನು ಅರಿತು, ಮೆಲ್ಲಮೆಲ್ಲನೆ ನಡೆಸುವ ಈ ರೀತಿಯನ್ನು ಓದಿದ ಮೇಲೆ, ಇಂಥ ಮಾತುಗಳನ್ನು ನಮ್ಮ ಕಾಲದ ಹೊಸ ಶೋಧವೆಂದು ಹೇಳಿಕೊಳ್ಳಲು ಸ್ವಲ್ಪ ಸಂಕೋಚವಾಗಬೇಕು.

ಸ್ಥೂಲನಿಗೆ ಹೇಳಿದ ಆಹಾರದ ಪಟ್ಟಿಯಲ್ಲಿ ನವಣೆ, ಸಾಮೆ, ಹಾರಕ, ಜವೆ, ಹೆಸರು, ಹುರುಳಿಗಳ ಜೊತೆಗೆ ‘ಜೂರ್ಣಾಹ್ವ’ವೆಂಬ ಧಾನ್ಯವೂ ‘ಆಢಕೀ’ ಬೀಜವೂ ಬಂದಿವೆ. ಆಢಕಿಯೆಂದರೆ ತೊಗರಿ, ಜೂರ್ಣಾಹ್ವವನ್ನು ಜೋಳವೆಂದು ಅನೇಕರು ಅರ್ಥಮಾಡಿರುವರು. ಈ ಅರ್ಥವನ್ನು ಒಪ್ಪುವುದಾದರೆ, ಜೇವರ್ಗಿ ಅಫಜಲಪುರಗಳ ಒಕ್ಕಲಿಗನು ನಿತ್ಯವೂ ಉಣ್ಣುತ್ತ ಬಂದ ರೊಟ್ಟಿ ಮತ್ತು ಬೇಳೆಯನ್ನೇ ಸಂಹಿತಾಕಾರನು ಸ್ಥೂಲನಿಗೆ ಪಥ್ಯವೆಂದು ಬರೆದಂತಾಯಿತು. ಬಡವನ ಊಟವೇ ಸಿರಿವಂತನ ಪಥ್ಯವಾದ ಈ ಸಂಗತಿ ಮುಂದೆ ನಮಗೆ ಮತ್ತೆ ಬೇಕಾಗುವುದು.

ಸುಶ್ರುತನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾನೆ. ಚಿಕಿತ್ಸಾಸ್ಥಾನದ ೧೧ನೆಯ ಅಧ್ಯಾಯದಲ್ಲಿ ಪ್ರಮೇಹವನ್ನು ಎರಡಾಗಿ ವಿಂಗಡಿಸಿದೆ: ಹುಟ್ಟಿನಿಂದ ಬಂದುದು, ಅಪಥ್ಯದಿಂದ ಬಂದುದು. ಮೊದಲನೆಯ ರೋಗಿಯು ಕೃಶನು, ಎರಡನೆಯವನು ಸಾಮಾನ್ಯವಾಗಿ ಸ್ಥೂಲನು. ಬಳಿಕ ನಡೆವಳಿಯ ಚಿಕಿತ್ಸೆಯನ್ನು ಹೇಳುವಾಗ ರೋಗಿಯ ಸ್ಥಿತಿಗತಿಗಳನ್ನು ನೋಡಿ ಬೇರೆಬೇರೆಯಾಗಿ ಹೇಳಿದೆ. ಹಣವೂ ಬಂಧುಗಳೂ ಇಲ್ಲದವನು ಕೆರವಿಲ್ಲದೆ, ಕೊಡೆಯಿಲ್ಲದೆ, ಭಿಕ್ಷಾನ್ನವನ್ನು ಉಣ್ಣುತ್ತ, ಊರಿಗೊಂದು ರಾತ್ರಿಯಂತೆ ತಂಗಿ ನೂರು ಯೋಜನವನ್ನೋ ಅದಕ್ಕೂ ಹೆಚ್ಚನ್ನೋ ನಡೆಯಬೇಕು. ಮಹಾಧನಿಕನು ಸಾಮೆಯನ್ನೂ ಕಾಡುಧಾನ್ಯವನ್ನೂ ತಿಂದು ಜಿಂಕೆಗಳೊಡನೆ ಬಾಳಬೇಕು. ಇತರರು ನೇಗಿಲನ್ನು ಹಿಡಿಯಬೇಕು ಇಲ್ಲವೆ ಬಾವಿಯನ್ನು ತೋಡಬೇಕು. ಕೃಶನಾದವನನ್ನು ಮಾತ್ರ ಎಂದೂ ಕಾಪಾಡಬೇಕು. ಜಾತಿಗೊಂದು ವೃತ್ತಿಯನ್ನು ಹಚ್ಚಿದ ಅಂದಿನ ಸಮಾಜದ ಮುದ್ರೆಯೂ ಇದರ ಮೇಲೆ ಇದೆ. ಅದನ್ನು ಮರೆಮಾಚುವುದು ಚರಿತ್ರಕಾರನಿಗೆ ತಕ್ಕುದಲ್ಲ. ಆದರೂ ಒಂದೇ ರೋಗಕ್ಕೆ ಒಂದೇ ಉಪದೇಶವಲ್ಲ, ರೋಗಿಯ ಬದುಕನ್ನು ತಿಳಿಯದೆ ಉಪದೇಶವೇ ಇಲ್ಲ ಎಂಬ ತತ್ತ್ವವು ಇಷ್ಟು ಖಚಿತವಾಗಿ ಬೇರೆ ಯಾವ ಹಳೆಯ ಗ್ರಂಥದಲ್ಲಿ ಬಂದಿದೆಯೋ ನಾವು ಕಾಣೆವು.

ಈ ವಿದ್ಯೆಯನ್ನು ಶಿಷ್ಯನು ಎಲ್ಲಿ ಕಲಿಯುತ್ತಿದ್ದನು? ಸುಶ್ರುತನ ಸೂತ್ರಸ್ಥಾನದಲ್ಲಿ ಕುಂಬಳ, ಸೋರೆ ಮೊದಲಾದವುಗಳ ಮೇಲೆ ಶಸ್ತ್ರವನ್ನು ಆಡಿಸಿ ಕೈಪಳಗಿಸುವ ‘ಯೋಗ್ಯಾ’ ಅಧ್ಯಾಯದ ಬೆನ್ನಿಗೇ, ಶಿಷ್ಯನು ವೃತ್ತಿಗೆ ಕಾಲಿಡುವ ಕ್ರಮವನ್ನು ಹೇಳುವ ಅಧ್ಯಾಯವಿದೆ. ಅಲ್ಲಿ ಐದು ಇಂದ್ರಿಯಗಳ ಜೊತೆಗೆ ಪ್ರಶ್ನೆಯನ್ನೂ ರೋಗಜ್ಞಾನದ ಸಾಧನವೆಂದು ಎಣಿಸಿದೆ. ಚರಕನು ಹೇಳುವ ಚಿಕಿತ್ಸೆಯ ನಾಲ್ಕು ಪಾದಗಳು ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನೆಂದರೆ ಬಡಿಸುವವನು, ಕಾಯುವವನು, ಪಥ್ಯದ ಗಂಜಿಯನ್ನು ಕಾಯಿಸಿ ಕೊಡುವವನು. ಈ ಮೂರನೆಯ ಪಾದವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುತ್ತೇವೆ.

ಕನ್ನಡ ನಾಡಿನಲ್ಲಿ ಈ ಪರಂಪರೆ ಯಾವ ರೂಪವನ್ನು ತಾಳಿತೆಂಬುದಕ್ಕೆ ಉಗ್ರಾದಿತ್ಯನ ‘ಕಲ್ಯಾಣಕಾರಕ’ ಒಂದು ಸಾಕ್ಷಿ. ಈ ಜೈನಾಚಾರ್ಯನ ಸಂಸ್ಕೃತ ಗ್ರಂಥದ ಕೊನೆಗೆ ಹಿತಾಹಿತವನ್ನು ಕುರಿತ ಭಾಗವೊಂದಿದ್ದು, ಮಾಂಸವು ಔಷಧವಾಗಿ ನಿರರ್ಥಕವೆಂಬ ವಾದವನ್ನು ನೃಪತುಂಗ ವಲ್ಲಭ ಮಹಾರಾಜನ ಸಭೆಯಲ್ಲಿ ಮಂಡಿಸಿದುದಾಗಿ ಅಲ್ಲಿ ಹೇಳಿದೆ. ನೃಪತುಂಗನ ರಾಜಧಾನಿಯಾದ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ‘ಕರ್ಣಾಟಕ ಕಲ್ಯಾಣಕಾರಕ’ವಾಗಿ ಕನ್ನಡಕ್ಕೆ ತಂದನು, ಅದರಲ್ಲಿಯೂ ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದೆ. ಇವುಗಳಲ್ಲಿ ವೈದ್ಯಕ್ಕಿಂತ ಧರ್ಮವೇ ಮುಂದಾಗಿದೆಯೆಂದು ಆಕ್ಷೇಪಿಸಬಹುದು, ಆಕ್ಷೇಪಣೆಯಲ್ಲಿ ಹುರುಳೂ ಇದೆ. ಆಹಾರದ ಉಪದೇಶವು ನೀತಿಯ ಉಪದೇಶದೊಡನೆ ಬೆರೆತುಹೋಗುವುದು ಅಂದಿನ ದೋಷ ಮಾತ್ರವಲ್ಲ. ಆದರೆ ನಮ್ಮ ಪ್ರಶ್ನೆಗೆ ಬೇಕಾದ ಅಂಶವಿಷ್ಟು: ಪಥ್ಯವನ್ನು ಹೇಳುವ ಮಾತು ಎಂಟುನೂರು ವರ್ಷಗಳಿಗೂ ಹಿಂದೆಯೇ ಕನ್ನಡದಲ್ಲಿ ಗ್ರಂಥಸ್ಥವಾಗಿದ್ದಿತು.

ಬಹಮನಿಗಳು ೧೩೪೭ರಲ್ಲಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡಂದಿನಿಂದ ಈ ಸೀಮೆಗೆ ಯೂನಾನಿ ವೈದ್ಯವೂ ಬಂದು ನೆಲೆಸಿತು. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಎಚ್ಚರಗಳು, ವಿಸರ್ಜನೆ ಧಾರಣೆಗಳು ಎಂಬ ಆರು ಅವಶ್ಯಕ ಕಾರಣಗಳ ಮೇಲೆಯೇ ಆ ಶಾಸ್ತ್ರವು ಆರೋಗ್ಯವನ್ನು ನಿಲ್ಲಿಸಿದೆ. ಇಂದು ನಾವು ‘ಜೀವನಶೈಲಿ’ ಎಂದು ಕರೆಯುತ್ತಿರುವುದು ಈ ಆರಕ್ಕಿಂತ ಬೇರೆಯಲ್ಲ. ‘ತಬಿಯತ್ತು’, ‘ದವಾಖಾನೆ’, ‘ಹಕೀಮ’ ಎಂಬ ಮಾತುಗಳು ಈ ಸೀಮೆಯ ಕನ್ನಡದಲ್ಲಿ ಇಂದಿಗೂ ಮನೆಮಾತುಗಳು.

ಪಾಶ್ಚಾತ್ಯ ವೈದ್ಯದ ಶಿಕ್ಷಣವು ನಿಜಾಮನ ರಾಜ್ಯದಲ್ಲಿ ೧೮೪೬ರಲ್ಲಿ ಹೈದರಾಬಾದಿನ ವೈದ್ಯಶಾಲೆಯಿಂದ ಮೊದಲಾಯಿತು. ಮುಂದೆ ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉರ್ದುವನ್ನು ಬೋಧನಭಾಷೆಯನ್ನಾಗಿ ಮಾಡಿಕೊಂಡಾಗ ವೈದ್ಯಕೀಯವನ್ನೂ ಅದೇ ಭಾಷೆಯಲ್ಲಿ ಕಲಿಸಲಾಯಿತು. ಕಲಬುರಗಿ ಸೀಮೆಯ ಹುಡುಗರು ಉನ್ನತ ವಿದ್ಯೆಗಾಗಿ ಹೋಗುತ್ತಿದ್ದುದು ಹೈದರಾಬಾದಿಗೇ. ಕನ್ನಡಿಗರ ಮೇಲೆ ಉರ್ದು ಹೇರಲ್ಪಟ್ಟಿತೆಂಬ ದೂರು ನ್ಯಾಯವಾದುದೇ. ಆದರೆ ವೈದ್ಯಶಿಕ್ಷಣದ ಮಟ್ಟಿಗೆ ಒಂದು ವಿಚಿತ್ರವನ್ನು ಗಮನಿಸಬೇಕು. ಪರೀಕ್ಷೆಗಾಗಿ ಓದಿದ ಭಾಷೆಗೂ ದವಾಖಾನೆಯಲ್ಲಿ ಆಡುವ ಮಾತಿಗೂ ನಡುವಿನ ಅಂತರ ಅಂದು ಅಷ್ಟೊಂದು ದೊಡ್ಡದಾಗಿರಲಿಲ್ಲ. ೧೯೪೮ರ ತರುವಾಯ ಬೋಧನೆ ಇಂಗ್ಲಿಷಿಗೆ ತಿರುಗಿತು. ಬೆಂಗಳೂರಿನಲ್ಲಿ ೧೯೨೪ರಲ್ಲಿ ಹುಟ್ಟಿ ೧೯೩೦ರಲ್ಲಿ ಮೈಸೂರಿಗೆ ಹೋದ ಮೈಸೂರು ವೈದ್ಯಕೀಯ ಕಾಲೇಜಿನಲ್ಲಂತೂ ಕನ್ನಡಕ್ಕೆ ಬೋಧನಭಾಷೆಯ ಸ್ಥಾನವು ಮೊದಲಿನಿಂದಲೂ ಇರಲಿಲ್ಲ.

ಸ್ವಾತಂತ್ರ್ಯದ ಹೊಸ್ತಿಲಲ್ಲಿ ಬಂದ ಭೋರ್ ಸಮಿತಿಯ ವರದಿಯು (೧೯೪೬) ಭಾರತದ ವೈದ್ಯಶಿಕ್ಷಣಕ್ಕೆ ಹೊಸ ಚೌಕಟ್ಟನ್ನು ಕೊಟ್ಟಿತು. ೧೯೪೩ರಲ್ಲಿ ನೇಮಕಗೊಂಡ ಈ ಸಮಿತಿಯು ವೈದ್ಯನನ್ನು ‘ಸಾಮಾಜಿಕ ವೈದ್ಯ’ನನ್ನಾಗಿ ತಯಾರಿಸಬೇಕೆಂದಿತು, ರೋಗನಿರೋಧಕ ಹಾಗೂ ಸಾಮಾಜಿಕ ವೈದ್ಯದಲ್ಲಿ ಮೂರು ತಿಂಗಳ ತರಬೇತಿಯನ್ನು ಸೂಚಿಸಿತು. ಆಶಯವು ಉದಾತ್ತವಾದುದೆಂಬುದನ್ನು ಅಲ್ಲಗಳೆಯಲಾಗದು. ಆದರೆ ಅದು ಕಾರ್ಯರೂಪಕ್ಕೆ ಬಂದಾಗ ಆದುದೇನು? ರೋಗಿಯೊಡನೆ ಅವನ ಬಾಳುವೆಯನ್ನು ಕುರಿತು ಮಾತನಾಡುವ ಹೊಣೆಯು ಒಂದು ಪ್ರತ್ಯೇಕ ಇಲಾಖೆಗೆ ಸೇರಿತು. ಹಾಸಿಗೆಯ ಬಳಿ ಪಾಠ ಹೇಳುವ ವೈದ್ಯಾಚಾರ್ಯರು ಆ ಹೊಣೆಯಿಂದ ಬಿಡುಗಡೆ ಹೊಂದಿದರು. ಚರಕನಲ್ಲಿ ಚಿಕಿತ್ಸೆಯೇ ಆಗಿದ್ದ ಪಥ್ಯವು ಇಲ್ಲಿ ಚಿಕಿತ್ಸೆಯ ಅನುಬಂಧವಾಯಿತು. ನಮ್ಮ ದೃಷ್ಟಿಯಲ್ಲಿ ಈ ಶತಮಾನಾಂತರದ ಬದಲಾವಣೆಗಳಲ್ಲಿ ಇದೇ ಅತ್ಯಂತ ನಿರ್ಣಾಯಕವಾದುದು.

ಆಗಿನವರಿಗೆ ಸ್ಥೌಲ್ಯವು ಕಾಣಲಿಲ್ಲವೆಂದು ಹಳಿಯುವುದೂ ಸರಿಯಲ್ಲ. ೧೮೭೬–೭೮ರ ಮಹಾಕ್ಷಾಮವು ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳನ್ನು ಘೋರವಾಗಿ ಬಡಿದಿದ್ದಿತು. ಸಿಡುಬು, ಕಾಲರಾ, ಮಲೇರಿಯಾಗಳ ಮುಂದೆ ಬೊಜ್ಜಿನ ಮಾತನ್ನು ಎತ್ತುವ ವೈದ್ಯನನ್ನು ಊರವರು ಹುಚ್ಚನೆಂದು ತಿಳಿಯುತ್ತಿದ್ದರು. ‘ಮೈಕೈ ತುಂಬಿಕೊಂಡಿರುವುದು’ ಆರೋಗ್ಯದ ಲಕ್ಷಣ, ‘ಸೊರಗುವುದು’ ರೋಗದ ಲಕ್ಷಣ ಎಂಬುದು ಕನ್ನಡ ಭಾಷೆಯಲ್ಲಿಯೇ ಬೇರುಬಿಟ್ಟ ನಂಬಿಕೆ. ಮದುವೆಯಾಗಿ ಹೋದ ಮಗಳು ಮೊದಲ ಸಲ ತವರಿಗೆ ಬಂದಾಗ ತಾಯಿಯು ನೋಡುವುದು ಅವಳು ಸೊರಗಿರುವಳೇ ಎಂಬುದನ್ನು. ಈ ನಂಬಿಕೆಯ ಹಿಂದೆ ಮೂಢತನವಲ್ಲ, ಬರಗಾಲಗಳ ಅನುಭವವಿದೆ.

೧೯೫೮ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯು ಹುಟ್ಟಿ, ೧೯೬೩ರಲ್ಲಿ ಅದರ ವೈದ್ಯಕೀಯ ಕಾಲೇಜು ಕಲಬುರಗಿಯಲ್ಲಿ ಆರಂಭವಾಯಿತು. ಸಂಸ್ಥೆಯನ್ನು ಕಟ್ಟಿದ ಮಹಾದೇವಪ್ಪ ರಾಂಪುರೆಯವರ ಹೆಸರನ್ನು ಆ ಕಾಲೇಜು ಹೊತ್ತಿದೆ. ಈ ಸೀಮೆಯ ಹುಡುಗನು ಹೈದರಾಬಾದಿಗೋ ಹುಬ್ಬಳ್ಳಿಗೋ ಹೋಗದೆ ತನ್ನ ಜಿಲ್ಲೆಯಲ್ಲಿಯೇ ವೈದ್ಯನಾಗುವುದು ಅಂದಿನಿಂದ ಸಾಧ್ಯವಾಯಿತು. ಅನಂತರ ನಗರದಲ್ಲಿ ಇನ್ನೂ ಕಾಲೇಜುಗಳು ಬಂದಿವೆ, ಅವುಗಳ ಕಥೆ ಇಲ್ಲಿ ಅಪ್ರಕೃತ. ೧೯೭೫ರಲ್ಲಿ ಶ್ರೀವಾಸ್ತವ ಸಮಿತಿಯು ಭೋರ್ ವರದಿಯ ಆಶಯವು ಕೈಗೂಡಲಿಲ್ಲವೆಂಬುದನ್ನು ಕಂಡು ವೈದ್ಯಶಿಕ್ಷಣವನ್ನು ಹಳ್ಳಿಯತ್ತ ತಿರುಗಿಸಬೇಕೆಂದಿತು. ೧೯೭೭ರಲ್ಲಿ ವೈದ್ಯಶಿಕ್ಷಣದ ಪುನರಭಿಮುಖೀಕರಣ ಯೋಜನೆ ಬಂದು, ಪ್ರತಿಯೊಂದು ಕಾಲೇಜೂ ಸುತ್ತಣ ಗ್ರಾಮಗಳ ಹೊಣೆ ಹೊರಬೇಕೆಂದು ವಿಧಿಸಿ, ಸಂಚಾರಿ ವಾಹನಗಳನ್ನೂ ಒದಗಿಸಿತು. ವಾಹನಗಳು ಹಳ್ಳಿಗೆ ಹೋಗಿ ಬಂದವು. ಆದರೆ ವಾಹನದಿಂದ ಇಳಿದ ವಿದ್ಯಾರ್ಥಿಯು ಹಳ್ಳಿಯವನೊಡನೆ ಯಾವ ಮಾತನ್ನು ಹೇಗೆ ಆಡಬೇಕೆಂಬುದನ್ನು ಯಾವ ಆದೇಶವೂ ಹೇಳಲಿಲ್ಲ.

ಇದೇ ಕಾಲದಲ್ಲಿ ಹೊರಗಿನ ಪ್ರಪಂಚವು ಎತ್ತ ಸಾಗಿದ್ದಿತೆಂಬುದನ್ನು ಸಂಕ್ಷೇಪವಾಗಿ ಹೇಳಬೇಕು. ಅಮೆರಿಕದ ಎಲಿಯಟ್ ಜಾಸ್ಲಿನ್ ೧೯೨೧ರಲ್ಲಿಯೇ ಮಧುಮೇಹವನ್ನು ತಡೆಯುವ ಮಾರ್ಗವು ಬೊಜ್ಜನ್ನು ತಡೆಯುವುದರಲ್ಲಿದೆಯೆಂದು ಬರೆದಿದ್ದನು. ೧೯೫೩ರಲ್ಲಿ ಜೆರೆಮಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಕುಳಿತು ನಡೆಸುವ ಚಾಲಕನಿಗೆ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕನಿಗಿಂತ ಹೃದ್ರೋಗ ಹೆಚ್ಚೆಂದು ತೋರಿಸಿದರು. ಚಾಲಕರ ಸಮವಸ್ತ್ರಗಳ ಸೊಂಟದ ಅಳತೆಯೂ ಹೆಚ್ಚಾಗಿದ್ದುದನ್ನು ಅವರು ೧೯೫೬ರಲ್ಲಿ ಪ್ರಕಟಿಸಿದರು. ದರ್ಜಿಯ ಲೆಕ್ಕದ ಪುಸ್ತಕವೂ ವೈದ್ಯಶಾಸ್ತ್ರಕ್ಕೆ ಆಕರವಾದ ಅಪರೂಪದ ಉದಾಹರಣೆಯಿದು. ಆದರೆ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದುದು ಮೈಕೆಲ್ ಬಾಲಿಂಟನ ಕಾರ್ಯ. ಅವನು ಲಂಡನ್ನಿನಲ್ಲಿ ಸಾಮಾನ್ಯ ವೈದ್ಯರನ್ನು ಗುಂಪಾಗಿ ಕೂಡಿಸಿ, ತಮ್ಮ ರೋಗಿಗಳೊಡನೆ ನಡೆದ ಮಾತುಕತೆಯನ್ನು ಅವರಿಂದಲೇ ಹೇಳಿಸಿ ಚರ್ಚಿಸುತ್ತಿದ್ದನು. ೧೯೫೭ರಲ್ಲಿ ಪ್ರಕಟವಾದ ಅವನ ಗ್ರಂಥವು ವೈದ್ಯನೂ ಒಂದು ಔಷಧವೇ, ಅದರ ಪ್ರಮಾಣವನ್ನೂ ದುಷ್ಪರಿಣಾಮವನ್ನೂ ಅರಿಯಬೇಕು ಎಂಬ ವಿಚಾರವನ್ನು ಮುಂದಿಟ್ಟಿತು. ೧೯೮೩ರಲ್ಲಿ ವಿಲಿಯಂ ಮಿಲ್ಲರ್ ಮದ್ಯವ್ಯಸನಿಗಳ ವಿಷಯದಲ್ಲಿ ಆರಂಭಿಸಿ, ಅನಂತರ ಸ್ಟೀಫನ್ ರೋಲ್ನಿಕ್ ಜೊತೆಗೂಡಿ ಬೆಳೆಸಿದ ಸಂಭಾಷಣ ಪದ್ಧತಿಯು ರೋಗಿಯ ಬಾಯಿಂದಲೇ ಬದಲಾವಣೆಯ ಕಾರಣವನ್ನು ಹೊರಡಿಸುವುದನ್ನು ಗುರಿಯಾಗಿ ಇಟ್ಟುಕೊಂಡಿತು. ಇಂದು ಸ್ಥೌಲ್ಯದ ಸಲಹೆಯನ್ನು ಕಲಿಸುವವರು ಲೋಕದಲ್ಲೆಲ್ಲ ಆಶ್ರಯಿಸುವುದು ಹೆಚ್ಚಾಗಿ ಈ ಪದ್ಧತಿಯನ್ನೇ.

ಕರ್ನಾಟಕದಲ್ಲಿ ಇದಕ್ಕೆ ಸಮೀಪವಾದ ಪ್ರಯೋಗ ನಡೆದೇ ಇಲ್ಲವೆನ್ನುವಂತಿಲ್ಲ. ಅದು ನಡೆದುದು ಮಾತ್ರ ಬೊಜ್ಜಿನ ವಿಷಯದಲ್ಲಲ್ಲ, ಮನೋರೋಗದ ವಿಷಯದಲ್ಲಿ. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯು ೧೯೭೦ರ ದಶಕದ ಉತ್ತರಾರ್ಧದಲ್ಲಿ ಸಕಲವಾರದ ಗ್ರಾಮೀಣ ಕೇಂದ್ರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿಯನ್ನು ಕೊಡುವ ಕ್ರಮವನ್ನು ರೂಪಿಸಿ, ೧೯೮೦ರ ದಶಕದ ನಡುವಿನಿಂದ ಬಳ್ಳಾರಿ ಜಿಲ್ಲೆಯಾದ್ಯಂತ ಅದನ್ನು ನಡೆಸಿ ನೋಡಿತು. ಬಳ್ಳಾರಿಯ ಮಾದರಿಯೇ ೧೯೯೬ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ತಜ್ಞನಲ್ಲದ ಸಾಮಾನ್ಯ ವೈದ್ಯನು ಕೆಲವೇ ವಾರಗಳ ಶಿಕ್ಷಣದಿಂದ ರೋಗಿಯ ಮನೆಯವರೊಡನೆ ಕುಳಿತು ಮಾತನಾಡಬಲ್ಲನು, ಮಾತನಾಡಬೇಕು ಎಂಬುದನ್ನು ಸರಕಾರವು ಒಪ್ಪಿದುದು ಇದರಿಂದ. ಕಲಬುರಗಿ ಸೀಮೆಯಿಂದ ದೂರವಲ್ಲದ, ಅದೇ ಬಗೆಯ ಒಣಭೂಮಿಯ ಜಿಲ್ಲೆಯಲ್ಲಿ ನಡೆದ ಈ ಪ್ರಯೋಗವನ್ನು ಬೊಜ್ಜು, ಸಕ್ಕರೆ ಕಾಯಿಲೆಗಳ ಶಿಕ್ಷಣವನ್ನು ಯೋಜಿಸುವವರು ಏತಕ್ಕೆ ಮಾದರಿಯಾಗಿ ಎತ್ತಿಕೊಳ್ಳುವುದಿಲ್ಲವೋ ನಮಗೆ ಆಶ್ಚರ್ಯವೇ ಸರಿ.

ಈ ನಡುವೆ ನೆಲವೇ ಬದಲಾಯಿತು. ಕೃಷ್ಣಾ ಮೇಲ್ದಂಡೆ ಯೋಜನೆಯ ಜೇವರ್ಗಿ ಶಾಖಾಕಾಲುವೆಯ ನೀರು ತಾಲೂಕಿನ ಕೆಲಭಾಗಕ್ಕೆ ಬಂದಿತು. ಬೀಸುಕಲ್ಲಿನ ಕೆಲಸವನ್ನು ಗಿರಣಿಯೂ, ಎತ್ತಿನ ಕೆಲಸವನ್ನು ಟ್ರ್ಯಾಕ್ಟರೂ, ಕಾಲಿನ ಕೆಲಸವನ್ನು ಮೋಟಾರ್‌ಸೈಕಲ್ಲೂ ವಹಿಸಿಕೊಂಡವು. ಪಡಿತರದ ಅಕ್ಕಿಯು, ವಿಶೇಷವಾಗಿ ೨೦೧೩ರ ಜುಲೈಯಲ್ಲಿ ಅನ್ನಭಾಗ್ಯ ಯೋಜನೆ ಬಂದಮೇಲೆ, ಜೋಳದ ರೊಟ್ಟಿಯ ಪಕ್ಕಕ್ಕೆ ಅನ್ನವನ್ನು ತಂದು ನಿಲ್ಲಿಸಿತು. ಹಸಿವನ್ನು ಕಳೆದ ಈ ಯ���ಜನೆಯನ್ನು ಬೊಜ್ಜಿನ ನೆವದಿಂದ ಹಳಿಯುವವರ ಗುಂಪಿಗೆ ನಾವು ಸೇರಿಲ್ಲ. ಆದರೆ ತಟ್ಟೆಯು ಬದಲಾದುದು ನಿಜ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಸ್ತ್ರೀಯರಲ್ಲಿಯೂ ಪುರುಷರಲ್ಲಿಯೂ ಶೇಕಡ ೩೦ರಷ್ಟು ಮಂದಿ ಅಧಿಕ ತೂಕದವರು. ಅದೇ ಸಮೀಕ್ಷೆಯಲ್ಲಿ ಸ್ತ್ರೀಯರಲ್ಲಿ ಶೇಕಡ ೧೭ರಷ್ಟು ಮಂದಿ ಇರಬೇಕಾದುದಕ್ಕಿಂತ ಕಡಮೆ ತೂಕದವರು. ಬೊಜ್ಜು ಮತ್ತು ಸೊರಗು ಒಂದೇ ಓಣಿಯಲ್ಲಿ, ಕೆಲವೊಮ್ಮೆ ಒಂದೇ ಒಲೆಯ ಸುತ್ತ ಕುಳಿತಿರುವುವು.

ಅಷ್ಟೇ ಅಲ್ಲ, ಸೊರಗೇ ಹೃದ್ರೋಗದ ಬೀಜವಾಗಬಹುದೆಂಬುದು ಕರ್ನಾಟಕದಲ್ಲಿಯೂ ತಿಳಿದುಬಂದ ಸಂಗತಿ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೩೪ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದಗಳನ್ನು ಬರೆದಿಟ್ಟಿದ್ದರು. ಆ ಕಡತಗಳನ್ನು ಹಿಡಿದು, ದೊಡ್ಡವರಾದ ಅದೇ ಮಕ್ಕಳನ್ನು ಹುಡುಕಿ ಪರೀಕ್ಷಿಸಿದ ಸಂಶೋಧಕರು, ಕಡಮೆ ತೂಕದಿಂದ ಹುಟ್ಟಿದವರಲ್ಲಿ ಹೃದ್ರೋಗವು ಹೆಚ್ಚೆಂಬುದನ್ನು ೧೯೯೬ರಲ್ಲಿ ಪ್ರಕಟಿಸಿದರು. ಭಾರತೀಯರಲ್ಲಿ ಕಡಮೆ ತೂಕಕ್ಕೇ ಅಪಾಯ ತೊಡಗುವುದೆಂಬ ಕಾರಣದಿಂದ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞಸಮಾಲೋಚನೆಯು ೨೦೦೪ರಲ್ಲಿ ಏಷ್ಯದ ಜನರಿಗೆ ದೇಹತೂಕದ ಸೂಚ್ಯಂಕ ೨೩ರಿಂದಲೇ ಎಚ್ಚರ ಬೇಕೆಂದಿತು. ಎಂದರೆ, ಊರಿನ ಕಣ್ಣಿಗೆ ‘ಚೆನ್ನಾಗಿ ಇರುವ’ ಮನುಷ್ಯನಿಗೇ ವೈದ್ಯನು ಎಚ್ಚರಿಕೆ ಹೇಳಬೇಕಾಯಿತು. ಚೆನ್ನೈಯಲ್ಲಿ ಎ. ರಾಮಚಂದ್ರನ್ ಮತ್ತು ಸಂಗಡಿಗರು ೫೩೧ ಮಂದಿಯ ಮೇಲೆ ನಡೆಸಿ ೨೦೦೬ರಲ್ಲಿ ಪ್ರಕಟಿಸಿದ ಅಧ್ಯಯನವು ಆಹಾರ ಹಾಗೂ ನಡಿಗೆಯ ಸಲಹೆಯಿಂದ ಮಧುಮೇಹಕ್ಕೆ ಬೀಳುವ ಸಂಭವವು ಶೇಕಡ ೨೮.೫ರಷ್ಟು ಕಡಮೆಯಾಯಿತೆಂದು ತೋರಿಸಿತು. ಇಲ್ಲಿ ಸಾರವತ್ತಾದ ಸಂಗತಿ ಬೇರೊಂದುಂಟು: ಸಲಹೆ ಪಡೆದವರ ತೂಕವು ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ತೂಕದ ಯಂತ್ರವು ಕದಲದಿದ್ದರೂ ಸಲಹೆಯು ಫಲಿಸಿದ್ದಿತು. ಸಲಹೆಯ ಸಾರ್ಥಕತೆಯನ್ನು ಕಿಲೋಗ್ರಾಂಗಳಲ್ಲಿಯೇ ಅಳೆಯುವಂತೆ ಶಿಷ್ಯನನ್ನು ಪಳಗಿಸಿದರೆ ಅವನೂ ರೋಗಿಯೂ ಬೇಗನೆ ಆಶಾಭಂಗ ಹೊಂದುವರು.

ಇತ್ತೀಚಿನ ಘಟ್ಟಕ್ಕೆ ಬರೋಣ. ಭಾರತೀಯ ವೈದ್ಯಕೀಯ ಪರಿಷತ್ತು ೨೦೧೮ರಲ್ಲಿ ಪ್ರಕಟಿಸಿ ೨೦೧೯ರಿಂದ ಜಾರಿಗೆ ತಂದ ಸಾಮರ್ಥ್ಯಾಧಾರಿತ ಪಠ್ಯಕ್ರಮದಲ್ಲಿ ಸ್ಥೌಲ್ಯಕ್ಕೆ ಸ್ವತಂತ್ರ ಸ್ಥಾನ ದೊರಕಿತು. ರೋಗಿಯು ಜೀವನಕ್ರಮದ ಸೂಚನೆಗಳನ್ನು ಪಾಲಿಸಲಾರದೆ ಹೋಗುವುದನ್ನು ಅರ್ಥಮಾಡಿಕೊಂಡು, ತಪ್ಪು ಹೊರಿಸದೆ ಸಲಹೆ ನೀಡಬಲ್ಲನೆಂಬುದನ್ನು ವಿದ್ಯಾರ್ಥಿಯು ತೋರಿಸಬೇಕೆಂದು ಅಲ್ಲಿ ವಿಧಿಸಿದೆ. ಅದೇ ಕ್ರಮದಲ್ಲಿ ವೈದ್ಯನ ನಡೆವಳಿ, ನೀತಿ ಮತ್ತು ಸಂಭಾಷಣೆಗಳಿಗೆ ಪ್ರತ್ಯೇಕ ಪಾಠಗಳು ಬಂದವು. ಆರಂಭದ ತಿಂಗಳಲ್ಲಿ ಪ್ರಾಂತಭಾಷೆಯ ತರಗತಿಯೂ ಬಂದಿತು. ಪರಿಷತ್ತಿನ ಸ್ಥಾನಕ್ಕೆ ೨೦೨೦ರಲ್ಲಿ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗವು, ಪ್ರತಿಯೊಬ್ಬ ವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ತನ್ನ ವ್ಯಾಸಂಗದುದ್ದಕ್ಕೂ ಅವರನ್ನು ಕಂಡು ಬರುವ ಏರ್ಪಾಡನ್ನು ಕಡ್ಡಾಯಮಾಡಿತು. ಕಾಗದದ ಮೇಲೆ ಇದು ಭೋರ್ ವರದಿಯ ಅನಂತರದ ಅತ್ಯಂತ ದೊಡ್ಡ ತಿರುವು.

ಈ ತಿರುವು ನೆಲೋಗಿಯಂಥ ಊರಿನಲ್ಲಿ ಹೇಗೆ ಪರಿಣಮಿಸಬೇಕೆಂಬುದನ್ನು ನೋಡಲು ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಐವತ್ತರ ಸುಮಾರಿನ ಗೃಹಿಣಿಯೊಬ್ಬಳು ಮೊಣಕಾಲು ನೋವೆಂದು ಬಂದಿದ್ದಾಳೆ. ತೂಕ ಹೆಚ್ಚಿದೆ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದಾಳೆ. ಎಳೆಯ ವೈದ್ಯನು ಪುಸ್ತಕದಂತೆ ಕೇಳುತ್ತಾನೆ: “ಯವ್ವಾ, ದಿನಾ ಎಷ್ಟು ರೊಟ್ಟಿ ಉಣ್ತೀರಿ?” ಅವಳ ಉತ್ತರ ಹೀಗಿರಬಹುದು: “ಲೆಕ್ಕ ಯಾರು ಇಡ್ತಾರ್ರೀ ಸಾಹೇಬ್ರ? ಎಲ್ಲಾರೂ ಉಂಡ ಮ್ಯಾಲೆ ಉಳದದ್ದು ನಂದು.” ಈ ಒಂದು ಮಾತಿನಲ್ಲಿ ಆ ಮನೆಯ ಇತಿಹಾಸವೇ ಅಡಗಿದೆ. ಉಳಿದುದನ್ನು ಚೆಲ್ಲಬಾರದೆಂಬ ಬರಗಾಲದ ಶಿಸ್ತು, ಕೊನೆಯಲ್ಲಿ ಉಣ್ಣುವ ಹೆಂಗಸಿನ ಸ್ಥಾನ, ಪಲ್ಯ ಬೇಳೆಗಳು ಮುಗಿದು ಅನ್ನ ಮಾತ್ರ ಉಳಿಯುವ ರೀತಿ, ಎಲ್ಲವೂ ಅದರಲ್ಲಿವೆ. ‘ಅನ್ನ ಕಡಮೆ ಮಾಡಿರಿ, ಮುಂಜಾನೆ ಅರ್ಧ ತಾಸು ನಡೆಯಿರಿ’ ಎಂಬ ಚೀಟಿಯು ಇವಳಿಗೆ ಏನನ್ನು ಹೇಳಿದಂತಾಯಿತು? ದಿನವಿಡೀ ಮನೆ ಹೊಲಗಳ ನಡುವೆ ತಿರುಗುವವಳಿಗೆ ನಡಿಗೆಯ ಉಪದೇಶವು ಅಪಹಾಸ್ಯದಂತೆ ಕೇಳಿಸಬಹುದು. ಇದೇ ಚೀಟಿಯನ್ನು ಕಲಬುರಗಿಯ ಅಡತಿ ಅಂಗಡಿಯಲ್ಲಿ ಗಾದಿಯ ಮೇಲೆ ಕುಳಿತ ವರ್ತಕನಿಗೆ ಕೊಟ್ಟರೆ ಅದು ಸರಿಯಾದ ಚಿಕಿತ್ಸೆ. ಸುಶ್ರುತನು ನಿರ್ಧನನನ್ನೂ ಮಹಾಧನಿಕನನ್ನೂ ಬೇರೆಮಾಡಿ ಹೇಳಿದುದು ಇದಕ್ಕಾಗಿಯೇ.

ಇದೇ ಸಂದರ್ಭದಲ್ಲಿ ‘ಮೂರನೆಯ ಪಾದ’ದ ಮಾತು ಬರುತ್ತದೆ. ಹೊಸ ಪಠ್ಯಕ್ರಮದ ಸಂಭಾಷಣೆಯ ಪಾಠಗಳು ಬಹುಮಟ್ಟಿಗೆ ವೈದ್ಯ ಮತ್ತು ರೋಗಿ ಎಂಬ ಇಬ್ಬರನ್ನೇ ಕಲ್ಪಿಸುತ್ತವೆ. ನಮ್ಮ ಹಳ್ಳಿಯ ಮನೆಯಲ್ಲಿ ಗಂಡಸು ರೋಗಿಯಾದರೆ ಅವನ ತಟ್ಟೆಯನ್ನು ನಿರ್ಧರಿಸುವವಳು ಹೆಂಡತಿಯೋ ಸೊಸೆಯೋ. ಹೆಂಗಸು ರೋಗಿಯಾದರೆ ಅವಳಿಗೆ ಪರಿಚಾರಕರೇ ಇಲ್ಲ, ಏಕೆಂದರೆ ಆ ಮನೆಯ ಪರಿಚಾರಿಕೆ ಅವಳೇ. ಅವಳ ಪಥ್ಯಕ್ಕಾಗಿ ಬೇರೊಂದು ಒಲೆ ಹೊತ್ತುವುದಿಲ್ಲ. ಆದುದರಿಂದ ಅವಳಿಗೆ ಹೇಳಬೇಕಾದ ಮಾತನ್ನು ಅವಳ ಗಂಡನಿಗೂ ಅತ್ತೆಗೂ ಮಗನಿಗೂ ಹೇಳಬೇಕಾಗುವುದು. ಎಲ್ಲರ ತಟ್ಟೆಗೂ ಒಂದು ರೊಟ್ಟಿ ಜೋಳದ್ದು ಹೆಚ್ಚಾಗಿ, ಒಂದು ಹಿಡಿ ಅನ್ನ ಕಡಮೆಯಾಗಿ, ತೊಗರಿಬೇಳೆಯೂ ಪುಂಡಿಪಲ್ಯವೂ ಅವಳ ಪಾಲಿಗೂ ಉಳಿಯುವಂತೆ ಮಾಡುವುದು ಸಾಧ್ಯವೇ ಎಂದು ಕೇಳಬೇಕಾಗುವುದು. ಜೋಳ ತೊಗರಿಗಳು ಶಾಸ್ತ್ರಸಮ್ಮತವಾದ ಪಥ್ಯವೆಂಬ ಸಂಗತಿಯು ಇಲ್ಲಿ ಉಪಯೋಗಕ್ಕೆ ಬರುತ್ತದೆ: ಹೊಸದೇನನ್ನೂ ತರಬೇಕಾಗಿಲ್ಲ, ಅವಳ ಅತ್ತೆಯ ಕಾಲದ ಊಟವನ್ನು ಹೆಸರಿಸಿದರೆ ಸಾಕು. ಕುಟುಂಬ ದತ್ತು ಯೋಜನೆಯ ವಿದ್ಯಾರ್ಥಿಯು ಈ ಕೆಲಸಕ್ಕೆ ಹೇಳಿ ಮಾಡಿಸಿದವನು, ಅವನು ಮನೆಯ ಒಳಗೆ ಹೋಗಬಲ್ಲನಾದುದರಿಂದ. ಆದರೆ ಅವನು ರಕ್ತದೊತ್ತಡದ ಅಂಕಿಗಳನ್ನು ಪುಸ್ತಕದಲ್ಲಿ ತುಂಬಿಕೊಂಡು ಹಿಂತಿರುಗಿದರೆ ೧೯೭೭ರ ವಾಹನದ ಕಥೆಯೇ ಮರುಕಳಿಸುವುದು.

ಭಾಷೆಯ ತೊಡಕನ್ನು ಕುರಿತು ಒಂದು ಮಾತು. ಕಲಬುರಗಿಯ ಕಾಲೇಜುಗಳಿಗೆ ಇಂದು ಹೊರ ಪ್ರಾಂತಗಳ ವಿದ್ಯಾರ್ಥಿಗಳೂ ಬರುತ್ತಾರೆ. ಪ್ರಾಂತಭಾಷೆಯ ತರಗತಿಯಲ್ಲಿ ಅವರು ಕಲಿಯುವ ಗ್ರಂಥಸ್ಥ ಕನ್ನಡದಲ್ಲಿ ‘ಸ್ಥೂಲಕಾಯ’ವೆಂಬ ಶಬ್ದವು ದೊರೆಯುವುದು, ರೋಗಿಯ ಬಾಯಲ್ಲಿ ಬರುವುದು ‘ಮೈ ಬಂದದ’, ‘ಶುಗರ್ ಅದ’, ‘ತಬಿಯತ್ ಸರಿ ಇಲ್ಲ’ ಎಂಬ ಮಾತುಗಳು. ಮೈಸೂರು ಸೀಮೆಯಿಂದ ಬಂದ ಕನ್ನಡದ ಹುಡುಗನಿಗೂ ಇವುಗಳನ್ನು ಕಲಿಯಬೇಕಾದ ಅವಶ್ಯಕತೆಯಿದೆ. ‘ಬೊಜ್ಜು’ ಎಂಬ ಶಬ್ದವನ್ನು ರೋಗಿಯ ಮುಖದೆದುರಿಗೆ ಆಡಬಹುದೇ ಎಂಬುದೂ ವಿಚಾರಣೀಯವಾದುದೇ. ‘ಮೈ ಸ್ವಲ್ಪ ಭಾರ ಆಗ್ಯದ’ ಎಂದರೆ ಕೇಳುವ ಕಿವಿಯು ‘ನಿಮಗೆ ಬೊಜ್ಜು ಬಂದದ’ ಎಂದರೆ ಮುಚ್ಚಿಕೊಳ್ಳಬಹುದು. ಸಂಸ್ಕೃತದಲ್ಲಿ, ಉರ್ದುವಿನಲ್ಲಿ, ಇಂಗ್ಲಿಷಿನಲ್ಲಿ ಕ್ರಮವಾಗಿ ವೈದ್ಯವನ್ನು ಕಲಿತ ಈ ಸೀಮೆಯಲ್ಲಿ, ರೋಗಿಯ ಸ್ವಂತ ಮಾತುಗಳ ಒಂದು ಕೋಶವನ್ನು ಜೇವರ್ಗಿ, ಅಫಜಲಪುರ, ಆಳಂದ ತಾಲೂಕುಗಳ ಊರುಗಳಿಂದ ಸಂಗ್ರಹಿಸುವ ಕೆಲಸವು ಕನ್ನಡ ಅಧ್ಯಾಪಕರೂ ವೈದ್ಯಾಧ್ಯಾಪಕರೂ ಕೂಡಿ ಕೈಕೊಳ್ಳಬಹುದಾದುದು. ಮನೆಯೊಳಗಿನ ಊಟದ ಸರದಿ, ಹಬ್ಬದ ಅಡುಗೆ, ಬಾಣಂತಿಗೆ ಕೊಡುವ ತುಪ್ಪ ಅಂಟುಗಳ ಪ್ರಮಾಣ, ಇವೂ ಆ ಕೋಶದಲ್ಲಿ ಸೇರಬೇಕಾಗುವುವು. ನಮ್ಮ ವಿಭಾಗದ ವಿದ್ಯಾರ್ಥಿಗಳು ಮುಂದಿನ ಬೇಸಗೆಯಲ್ಲಿ ನೆಲೋಗಿಯ ಕಡೆಯಿಂದಲೇ ಇದನ್ನು ಆರಂಭಿಸಬಹುದು.